ನಲವತ್ತು ಗ್ರಾಂ

ಪುಂತಾ ಅರೆನಾಸ್‌ನಲ್ಲಿ ಊರಿನವರು ಯಾರೂ ಕೊಡೆ ಕೊಳ್ಳುವುದಿಲ್ಲ.
ಕೊಳ್ಳುವವರು ಹಡಗಿನಿಂದ ಇಳಿದವರು. ಮರುದಿನವೇ ಹಾಜರು,
ಮೊಣಕೈ ತಿರುಚಿಕೊಂಡ ಕಡ್ಡಿಗಳನ್ನು ಕೌಂಟರಿನ ಮೇಲೆ ಚೆಲ್ಲಿ.
ಗಾಳಿಗೆ ಗ್ಯಾರಂಟಿ ಇಲ್ಲ ಸ್ವಾಮಿ, ಅನ್ನುತ್ತೇನೆ.
ಒಂಬತ್ತು ವರ್ಷದಿಂದ ಇದೇ ಕಿಟಕಿ, ಕಾಲು ಕುಂಟುವ ಇದೇ ಸ್ಟೂಲು
(ಅದನ್ನು ವಾಪಸು ಕೊಡಲು ನನಗೊಂದು ಕಿಟಕಿಯಿಲ್ಲ),
ಯಾಸ್ನಾ ಅಂತ ಎದೆಯ ಮೇಲೊಂದು ಪಟ್ಟಿ.

ಜನ ಸುಳ್ಳು ಹೇಳಿದರೆ ನನಗೆ ಬೇಜಾರಿಲ್ಲ.
ಕಾಲಿಗೆ ಹಾಕೇ ಇಲ್ಲ ಅಂದ ಬೂಟಿನ ಅಡಿಯಲ್ಲಿ ಕುರಿಹಿಕ್ಕೆ.
ಡಬ್ಬಿಯಿಂದ ತೆಗೆದಾಗಲೇ ಸತ್ತಿತ್ತು ಅಂದ ಹೀಟರಿನೊಳಗೆ
ಎರಡು ಚಳಿಗಾಲದ ಬೆಕ್ಕಿನ ಕೂದಲು.
ರಸೀದಿ ಎಲ್ಲಿ ಅಂದರೆ, ಬೇರೆಯವರ ಜೇಬು ತಡಕುವವರ ಹಾಗೆ
ತಮ್ಮದನ್ನೇ ತಡಕುತ್ತಾರೆ, ನಾಚುತ್ತ.
ಕಾಯುತ್ತೇನೆ. ನನ್ನ ಸಂಬಳವೇ ಅದಕ್ಕೆ.

ಮಂಗಳವಾರ ನೋಲ್ಫಾ ಬಾರ್ರಿಯಾ ಬಂದಳು.
ಎಪ್ಪತ್ತರ ಹೆಂಗಸು, ಗಂಡಸಿನ ಕೋಟು,
ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ತಕ್ಕಡಿ,
ಅದೇ ಎಲೆಕ್ಟ್ರಾನಿಕ್ಕು, ಗಾಜಿನ ತಟ್ಟೆಯದು, ಹದಿನಾಲ್ಕು ಸಾವಿರ ಪೆಸೊ.
ರಸೀದಿ ಕೇಳುವ ಮೊದಲೇ ಇಟ್ಟಳು, ಇಸ್ತ್ರಿ ಮಾಡಿದಷ್ಟು ನುಣುಪು.

"ಖಾಲಿಯಿದ್ದಾಗ ಸೊನ್ನೆ ತೋರಿಸುತ್ತದೆ, ಸಂಭಾವಿತನ ಹಾಗೆ.
ಮೇಲೆ ಏನಾದರೂ ಇಡು, ನಲವತ್ತು ಸೇರಿಸಿ ಹೇಳುತ್ತದೆ."
ಗೋದಾಮಿನಿಂದ ಒಂದು ಕಿಲೋ ಸಕ್ಕರೆ ತಂದು ಇಟ್ಟೆ.
ಸಾವಿರದ ನಲವತ್ತು.
ಒಂದು ಮೊಟ್ಟೆ ಇಟ್ಟಿದ್ದರೂ ಹೆಬ್ಬಾತು ಇಟ್ಟದ್ದು ಅನ್ನಬಹುದಿತ್ತು.

ಫಾರ್ಮು ತೆಗೆದೆ. ದೋಷದ ವಿವರ: ಬರೆದೆ.
ಗ್ರಾಹಕರಿಗೆ ಆದ ನಷ್ಟ?
ಪೆನ್ನು ನಿಲ್ಲಿಸಿ ಮುಖ ನೋಡಿದೆ.
"ನನಗೇನೂ ನಷ್ಟವಿಲ್ಲ ಮಗಳೇ, ಲಾಭ.
ಚಿಲೊಯೆಯಿಂದ ತಂಗಿ ಚೀಸಿನ ಗಾಲಿ ಕಳಿಸುತ್ತಾಳೆ, ಕೊಯ್ದು ಮಾರುತ್ತೇನೆ.
ಮೂರು ತಿಂಗಳು, ಕೊಯ್ದ ಪ್ರತಿ ತುಂಡಿನಲ್ಲೂ
ನಲವತ್ತು ಗ್ರಾಂ ನನ್ನ ಮನೆಯಲ್ಲೇ ಉಳಿದಿದೆ.
ತಂಗಿಗೆ ಉಣ್ಣೆ ಕಳಿಸಲು ಹೋದಾಗ ಅಂಚೆಯವನ ತಕ್ಕಡಿ
ಬೇರೆ ಮಾತು ಹೇಳಿತು. ಅವನ ಜೊತೆ ಜಗಳವಾಡಿ ಬಂದೆ, ಪಾಪ."

ಆಮೇಲೆ ನೋಟ್‌ಬುಕ್ಕು ತೆಗೆದಳು.
ನೀಲಿ ಟ್ರಕ್ಕಿನವನು, ಆರು ಸಲ.
ಕೆಮ್ಮುವ ಟೀಚರು, ವಾರಕ್ಕೊಂದು.
ಇಗ್ನಾಸಿಯಾಳ ಅಳಿಯ, ಒಂದೇ ಸಲ, ಅದೂ ಸಾಲ.
ಹೆಸರು ಗೊತ್ತಿಲ್ಲದವರಿಗೆ ಟೋಪಿ, ಮೀಸೆ, ನಾಯಿ.
"ಇವರೆಲ್ಲರ ಕಾಲಂ ನಿನ್ನ ಫಾರ್ಮಿನಲ್ಲಿ ಎಲ್ಲಿದೆ?"

ಹಿಂದೆ ಸಾಲು ಬೆಳೆದಿತ್ತು. ಟೋಸ್ಟರು ಹಿಡಿದವನೊಬ್ಬ
ಗಡಿಯಾರ ನೋಡಿ ನಿಟ್ಟುಸಿರಿಟ್ಟ, ಎಲ್ಲರಿಗೂ ಕೇಳುವ ಹಾಗೆ.
ಸೂಪರ್‌ವೈಸರ್ ಓಹೇದಾ ಬಂದು ಬಗ್ಗಿ ನೋಡಿದ.
"ಬದಲಿ, ರಿಪೇರಿ, ಹಣ ವಾಪಸು. ಮೂರೇ ಸೀಲು ಅಮ್ಮಾ."
"ಹಣ ಕೊಡು. ಚೀಸು ಕೊಳ್ಳುತ್ತೇನೆ, ಅವರಿಗೆ ಹಂಚಲು.
ಸಾಲುವುದಿಲ್ಲ, ಆದರೂ ಶುರುವಿಗೆ ಆಯಿತು."
ಅವನು ಸೀಲು ಒತ್ತಿದ. ಶಾಯಿ ಅರ್ಧ ಹತ್ತಿತು,
ಹಣ ಅಂತ ಮಾತ್ರ ಓದಬಹುದಿತ್ತು.

ನೋಟು ಎಣಿಸಿ ಕೊಟ್ಟೆ. ಅವಳೂ ಎಣಿಸಿದಳು, ಎರಡು ಸಲ,
ಮಡಚಿ ಕೋಟಿನ ಒಳಜೇಬಿಗೆ ಇಳಿಸಿದಳು.
ಹೋಗುವಾಗ ಪುಟ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟಳು:
ಕೆಂಪು ಸ್ಕಾರ್ಫಿನ ಹುಡುಗಿ, ಈಸ್ಟರಿಗೆ ಮುಂಚೆ, ಅರ್ಧ ಕಿಲೋ.
ನನ್ನ ಸ್ಕಾರ್ಫು ಹಿಂದೆ ಮೊಳೆಗೆ ನೇತುಬಿದ್ದಿತ್ತು.
ಹೌದು, ಕೊಂಡಿದ್ದೆ. ಉಪ್ಪು ಸ್ವಲ್ಪ ಜಾಸ್ತಿಯಿತ್ತು, ಅಷ್ಟೇ ನೆನಪು.

ಬೆಣ್ಣೆಕಾಗದದ ಸಣ್ಣ ಪೊಟ್ಟಣ ಕೌಂಟರಿನ ಮೇಲಿಟ್ಟಳು.
"ಅಂಚೆಯವನ ಹತ್ತಿರ ತೂಗಿಸಿದ್ದು," ಅಂದಳು,
ಬಾಗಿಲು ತೆರೆದಾಗ ಗಾಳಿ ಅವಳನ್ನು ಪಕ್ಕಕ್ಕೆ ದಬ್ಬಿತು.

ಟೋಸ್ಟರಿನವನು ಶುರುಮಾಡಿದ: ಒಂದೇ ಬದಿ ಸುಡುತ್ತೆ, ಇನ್ನೊಂದು ಬದಿ
ಸ್ವಲ್ಪ ಇರಿ ಅಂದೆ.
ಪೊಟ್ಟಣವನ್ನು ಆ ತಕ್ಕಡಿಯ ಮೇಲೆ ಇಟ್ಟೆ.

ಎಂಬತ್ತು.